ಸಬ್ಸಿಡಿ ಅಕೌಂಟಿಗೆ ಬರುವುದಿಲ್ಲ, ಬಿಲ್ಲಿನಲ್ಲಿ ಇರುತ್ತದೆ

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಕೆಲಸ ಮಡಿಕೇರಿಯಲ್ಲಿ, ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು. ಹೋಗಿ ಬರುವುದು ಸೇರಿ ದಿನಕ್ಕೆ 34 ಕಿಲೋಮೀಟರ್. 2025ರ ಫೆಬ್ರವರಿಯಲ್ಲಿ, ಕಣದಲ್ಲಿ ರೊಬಸ್ಟಾ ಒಣಗುತ್ತಿದ್ದ ದಿನಗಳಲ್ಲಿ, ನನ್ನ ಹಳೆಯ ಪೆಟ್ರೋಲ್ ಸ್ಕೂಟರ್ ಕೊಟ್ಟು ಎಲೆಕ್ಟ್ರಿಕ್ ಸ್ಕೂಟರ್ ತಂದೆ. ಅವತ್ತಿನಿಂದ ಸಂಘಕ್ಕೆ ಬರುವವರು, ಮದುವೆ ಮನೆಯಲ್ಲಿ ಸಿಗುವವರು, ಎಲ್ಲರೂ ಕೇಳುವುದು ಒಂದೇ ಮಾತು. "ಅಕ್ಕಾ, ಸಬ್ಸಿಡಿ ಎಷ್ಟು ಸಿಗ್ತದೆ? ಅಕೌಂಟಿಗೆ ಬಂತಾ?"

ಬರುವುದಿಲ್ಲ. ಗ್ಯಾಸ್ ಸಬ್ಸಿಡಿ ನೋಡಿದವರಿಗೆ ಇದೂ ಹಾಗೇ ಇರಬೇಕು ಅನ್ನಿಸುತ್ತದೆ. ಆದರೆ ಗಾಡಿಯ ಸಬ್ಸಿಡಿಯನ್ನು ಕಂಪನಿ ಮೊದಲೇ ಬಿಲ್ಲಿನಲ್ಲಿ ಕಳೆಯುತ್ತದೆ, ಆಮೇಲೆ ಸರ್ಕಾರದಿಂದ ತಾನು ವಸೂಲಿ ಮಾಡಿಕೊಳ್ಳುತ್ತದೆ. ನಮ್ಮ ಕೈಗೆ ಒಂದು ರೂಪಾಯಿಯೂ ಬರುವುದಿಲ್ಲ. ಹಾಗಾಗಿ "ನಿಮ್ಮ ಇವಿ ಸಬ್ಸಿಡಿ ಬಂದಿದೆ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಅದು ಮೋಸ. ಫೋನ್ ಇಟ್ಟುಬಿಡಿ.

ಇನ್ನೊಂದು ವಿಷಯ. ಸರ್ಕಾರದ ನೆರವು ಒಂದೇ ಕಡೆ ಇಲ್ಲ. ನನ್ನ ಲೆಕ್ಕದಲ್ಲಿ ಅದು ಬಿಲ್ಲಿನ ನಾಲ್ಕೈದು ಸಾಲಿನಲ್ಲಿ ಹಂಚಿಹೋಗಿದೆ, ಕೆಲವಂತೂ ಬಿಲ್ಲಿನಲ್ಲಿ ಕಾಣುವುದೇ ಇಲ್ಲ. ನೀವು ಕೊಳ್ಳುವ ಮೊದಲು ಆ ಸಾಲುಗಳನ್ನು ಓದಲು ಕಲಿಯಬೇಕು. ಅದಕ್ಕೇ ನನ್ನ ಬಿಲ್ಲನ್ನೇ ಎದುರಿಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇದನ್ನು ಬರೆದದ್ದು 2025ರ ನವೆಂಬರ್‌ನಲ್ಲಿ. ಕೆಳಗಿರುವ ದರಗಳೆಲ್ಲ ಆಗಿನವು, ಆಮೇಲೆ ಬದಲಾಗಿರಬಹುದು.

ನನ್ನ ಬಿಲ್ಲು

ಸ್ಕೂಟರಿನ ಬ್ಯಾಟರಿ 2.9 ಕಿಲೋವ್ಯಾಟ್ ಅವರ್ (ಬ್ಯಾಟರಿ ಎಷ್ಟು ಯೂನಿಟ್ ಕರೆಂಟ್ ಹಿಡಿಯುತ್ತದೆ ಅನ್ನುವ ಅಳತೆ). ಕಂಪನಿ ಬೆಲೆ 1,12,000 ರೂಪಾಯಿ. ಅದರ ಮೇಲೆ ಜಿಎಸ್‌ಟಿ ಶೇ 5, ಅಂದರೆ 5,600. ಒಟ್ಟು 1,17,600. ಅದರ ಕೆಳಗೆ ಒಂದು ಸಾಲು: ಪಿಎಂ ಇ-ಡ್ರೈವ್ (ಎಲೆಕ್ಟ್ರಿಕ್ ಗಾಡಿಗೆ ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆ) ಪ್ರೋತ್ಸಾಹಧನ, ಕಳೆಯಿರಿ 10,000. ಉಳಿದದ್ದು 1,07,600. ರಸ್ತೆ ತೆರಿಗೆ ಅನ್ನುವ ಕಡೆ ಸೊನ್ನೆ. ನೋಂದಣಿ ಶುಲ್ಕದ ಕಡೆಯೂ ಸೊನ್ನೆ. ಆಮೇಲೆ ವಿಮೆ, ನಂಬರ್ ಪ್ಲೇಟ್, ಸಣ್ಣಪುಟ್ಟ ಖರ್ಚು.

ಎಲ್ಲರ ಕಣ್ಣು ಹೋಗುವುದು ಆ 10,000ದ ಮೇಲೆ. ನನ್ನದೂ ಹಾಗೇ ಹೋಗಿತ್ತು. ರಾತ್ರಿ ಮನೆಗೆ ಬಂದು ಹಾಳೆ ಪೆನ್ನು ಹಿಡಿದು ಕೂತಾಗ ಗೊತ್ತಾಯಿತು, ದೊಡ್ಡ ಉಳಿತಾಯ ಅಲ್ಲಿಲ್ಲ. ಅದು ಇರುವುದು ಸೊನ್ನೆ ಇರುವ ಜಾಗದಲ್ಲಿ.

ನಮ್ಮ ರಾಜ್ಯದಲ್ಲಿ ಒಂದು ಲಕ್ಷ ದಾಟಿದ ಪೆಟ್ರೋಲ್ ದ್ವಿಚಕ್ರಕ್ಕೆ ಜೀವಿತಾವಧಿ ತೆರಿಗೆ, ಅಂದರೆ ಒಂದೇ ಸಲ ಕಟ್ಟುವ ರಸ್ತೆ ತೆರಿಗೆ, ಶೇ 18. 50 ಸಾವಿರದಿಂದ ಒಂದು ಲಕ್ಷದವರೆಗಿನದಕ್ಕೆ ಶೇ 12. ಇದರ ಮೇಲೆ ಸೆಸ್ ಬೇರೆ. ನನ್ನ 1,07,600ಕ್ಕೆ ಶೇ 18 ಹಾಕಿದರೆ 19,368 ರೂಪಾಯಿ! ಸಬ್ಸಿಡಿಯ ಹೆಚ್ಚುಕಡಿಮೆ ಎರಡು ಪಟ್ಟು. ಜಿಎಸ್‌ಟಿಯೂ ಹಾಗೆಯೇ. 2019ರ ಆಗಸ್ಟ್‌ನಿಂದ ಎಲೆಕ್ಟ್ರಿಕ್ ಗಾಡಿಗೆ ಶೇ 5. ನಾನು ಕೊಂಡಾಗ ಪೆಟ್ರೋಲ್ ಸ್ಕೂಟರಿಗೆ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 18ಕ್ಕೆ ಇಳಿದಿದೆ. ಇಳಿದ ಮೇಲೂ ವ್ಯತ್ಯಾಸ ದೊಡ್ಡದೇ.

ನೋಂದಣಿ ಶುಲ್ಕ ಬ್ಯಾಟರಿ ಗಾಡಿಗೆ 2021ರ ಆಗಸ್ಟ್‌ನಿಂದ ಇಲ್ಲ. ವಿಮೆಯಲ್ಲಿ ಥರ್ಡ್ ಪಾರ್ಟಿ ಭಾಗಕ್ಕೆ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ನಷ್ಟಕ್ಕೆ) ಶೇ 15 ರಿಯಾಯಿತಿ ಇದೆ. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಬೇಕಲ್ವಾ, ಅದರಲ್ಲಿ ಈ ರಿಯಾಯಿತಿ ಸೇರಿದೆಯಾ ಅಂತ ಕೇಳಿ.

ಎಷ್ಟು ಸಿಗುತ್ತದೆ, ಯಾವಾಗಿನವರೆಗೆ

ಈ ವಿಷಯದಲ್ಲಿ ಜನರಲ್ಲಿ ತುಂಬಾ ಗೊಂದಲ ಇದೆ. ಯಾಕೆಂದರೆ ಒಬ್ಬೊಬ್ಬರು ಒಂದೊಂದು ವರ್ಷದ ಸಂಖ್ಯೆ ಹೇಳುತ್ತಾರೆ. ನಮ್ಮ ಸಂಘದಲ್ಲೇ ಒಬ್ಬರು 2022ರಲ್ಲಿ ಕೊಂಡವರು, "ನನಗೆ 40 ಸಾವಿರಕ್ಕಿಂತ ಜಾಸ್ತಿ ಸಿಕ್ಕಿತ್ತು" ಅನ್ನುತ್ತಾರೆ. ಅವರ ಮಾತು ನಿಜ. ಆಗ ಫೇಮ್-2 ಯೋಜನೆ ಇತ್ತು, 2021ರ ಜೂನ್‌ನಿಂದ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ಕೊಡುತ್ತಿದ್ದರು. 2023ರ ಜೂನ್‌ನಲ್ಲಿ ಅದು 10,000ಕ್ಕೆ ಇಳಿಯಿತು. 2024ರ ಮಾರ್ಚ್ ಕೊನೆಗೆ ಆ ಯೋಜನೆ ಮುಗಿಯಿತು.

ಆಮೇಲೆ ಬಂದದ್ದು ಪಿಎಂ ಇ-ಡ್ರೈವ್. 2024ರ ಅಕ್ಟೋಬರ್ 1ರಿಂದ ಶುರುವಾಯಿತು. ಮೊದಲ ವರ್ಷ, ಅಂದರೆ 2025ರ ಮಾರ್ಚ್‌ವರೆಗೆ, ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000, ಒಂದು ಸ್ಕೂಟರಿಗೆ ಹೆಚ್ಚೆಂದರೆ 10,000. ನನಗೆ ಸಿಕ್ಕಿದ್ದು ಇದು. 2025ರ ಏಪ್ರಿಲ್‌ನಿಂದ ಅದು ಅರ್ಧಕ್ಕರ್ಧ ಇಳಿಯಿತು: 2,500, ಹೆಚ್ಚೆಂದರೆ 5,000. ಜೊತೆಗೆ ಕಂಪನಿ ಬೆಲೆಯ ಶೇ 15 ದಾಟುವಂತಿಲ್ಲ.

ಇಲ್ಲಿ ಒಂದು ಲೆಕ್ಕ ಗಮನಿಸಿ. 2 ಕಿಲೋವ್ಯಾಟ್ ಅವರ್ ಬ್ಯಾಟರಿಗೇ 5,000 ಪೂರ್ತಿ ಆಗಿಬಿಡುತ್ತದೆ. 4 ಕಿಲೋವ್ಯಾಟ್ ಅವರ್‌ನದು ಕೊಂಡರೂ ಅಷ್ಟೇ. "ದೊಡ್ಡ ಬ್ಯಾಟರಿ ತಗೊಳ್ಳಿ, ಸಬ್ಸಿಡಿ ಜಾಸ್ತಿ" ಅನ್ನುವ ಮಾತು ಈಗ ನಡೆಯುವುದಿಲ್ಲ. ದೊಡ್ಡ ಬ್ಯಾಟರಿ ಬೇಕಿದ್ದರೆ ನಿಮ್ಮ ದಾರಿಗೆ ಬೇಕು ಅಂತ ಕೊಳ್ಳಿ, ಸಬ್ಸಿಡಿಗಾಗಿ ಬೇಡ.

ಕೊನೆಯ ತಾರೀಖಿನ ಬಗ್ಗೆಯೂ ಹೇಳುತ್ತೇನೆ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2028ರ ಮಾರ್ಚ್‌ವರೆಗೆ ಮುಂದುವರಿಸಿದರು ಅಂತ ಸುದ್ದಿ ಬಂತು. ಅದನ್ನು ಓದಿ ಇನ್ನೂ ಎರಡು ವರ್ಷ ಸಮಯ ಇದೆ ಅಂದುಕೊಂಡವರು ಬಹಳ ಜನ. ಮುಂದುವರಿದಿರುವುದು ಬಸ್ಸು, ಲಾರಿ, ಆಂಬ್ಯುಲೆನ್ಸ್, ಚಾರ್ಜಿಂಗ್ ಸ್ಟೇಷನ್ ಇಂಥವಕ್ಕೆ. ಸ್ಕೂಟರ್, ಬೈಕು, ಆಟೋಗಳಿಗೆ ಆಗ ಇಟ್ಟಿದ್ದ ಕೊನೆಯ ದಿನ 2026ರ ಮಾರ್ಚ್ 31. ಇಟ್ಟಿರುವ ಹಣ ಮುಗಿದರೆ ಅದಕ್ಕೂ ಮೊದಲೇ ನಿಲ್ಲಬಹುದು. ಲೆಕ್ಕಕ್ಕೆ ಬರುವುದು ನೀವು ಬುಕ್ ಮಾಡಿದ ದಿನ ಅಲ್ಲ, ಗಾಡಿ ಮಾರಾಟವಾಗಿ ನೋಂದಣಿಯಾದ ದಿನ. ಕಾಫಿ ದುಡ್ಡು ಕೈಗೆ ಬರುವುದು ಮಾರ್ಚ್ ಹೊತ್ತಿಗೆ, ಆಮೇಲೆ ನೋಡೋಣ ಅಂತ ಕೂತರೆ ಕೊನೆಯ ವಾರದ ನೂಕುನುಗ್ಗಲಿಗೆ ಸಿಕ್ಕಿಬೀಳುತ್ತೀರಿ. ಕೊನೆಯ ತಾರೀಖು ಯಾವುದಿದ್ದರೂ ಒಂದು ತಿಂಗಳು ಮೊದಲೇ ಮುಗಿಸಿಕೊಳ್ಳಿ.

ಎಲ್ಲ ಸ್ಕೂಟರಿಗೂ ಸಿಗುವುದಿಲ್ಲ. ಸಂತೆಯಲ್ಲಿ, ಸಣ್ಣ ಅಂಗಡಿಗಳಲ್ಲಿ ಮಾರುವ, 25 ಕಿಲೋಮೀಟರ್ ವೇಗ ದಾಟದ, ಲೈಸೆನ್ಸ್ ಬೇಡ ನೋಂದಣಿಯೂ ಬೇಡ ಅನ್ನುವ ಗಾಡಿಗಳಿಗೆ ಇಲ್ಲ. ಹಳೆಯ ಕಾಲದ ಸೀಸದ ಬ್ಯಾಟರಿಯವಕ್ಕೂ ಇಲ್ಲ. ಭಾರಿ ಕೈಗಾರಿಕೆಗಳ ಸಚಿವಾಲಯದ ಪಿಎಂ ಇ-ಡ್ರೈವ್ ಪೋರ್ಟಲ್‌ನಲ್ಲಿ ಒಪ್ಪಿಗೆ ಪಡೆದ ಮಾಡೆಲ್‌ಗಳ ಪಟ್ಟಿ ಇದೆ. ಶೋರೂಮಿಗೆ ಹೋಗುವ ಮೊದಲು ಅದರಲ್ಲಿ ನಿಮ್ಮ ಮಾಡೆಲ್, ಅದರ ನಿಮಗೆ ಬೇಕಾದ ವೇರಿಯೆಂಟ್ ಸಮೇತ, ಇದೆಯಾ ಅಂತ ನೋಡಿಕೊಳ್ಳಿ.

ಆಧಾರ್ ಕೆಲಸ ಮೊದಲು

ನಾನು ಕೆಲವು ದಿನ ಸುಮ್ನೆ ಕಳೆದುಕೊಂಡಿದ್ದು ಇಲ್ಲಿ. ಈ ಯೋಜನೆಯಲ್ಲಿ ಒಂದು ಆಧಾರಿಗೆ ಒಂದೇ ಗಾಡಿ. ಕೊಳ್ಳುವಾಗ ಶೋರೂಮಿನಲ್ಲಿ ನಿಮ್ಮ ಮುಖವನ್ನು ಆಧಾರ್ ಜೊತೆ ತಾಳೆ ನೋಡುತ್ತಾರೆ. ಅದು ಆದ ಮೇಲೆ ಇ-ವೋಚರ್ (ಸಬ್ಸಿಡಿಯ ಡಿಜಿಟಲ್ ಚೀಟಿ) ಹುಟ್ಟುತ್ತದೆ, ಅದರ ಲಿಂಕ್ ನಿಮ್ಮ ಮೊಬೈಲಿಗೆ ಬರುತ್ತದೆ. ಅದಕ್ಕೆ ನೀವು ಸಹಿ ಮಾಡಬೇಕು, ಡೀಲರ್ ಸಹಿ ಮಾಡಬೇಕು, ಅವರು ಅದನ್ನು ಪೋರ್ಟಲ್‌ಗೆ ಏರಿಸಬೇಕು. ಗಾಡಿಯ ಜೊತೆ ನಿಮ್ಮದೊಂದು ಫೋಟೋ ಕೂಡ.

ನಾನು ಹೋದ ಶೋರೂಮ್ ಒಳಗಡೆ ಕತ್ತಲು. ಹುಡುಗ ಮೊಬೈಲ್ ಹಿಡಿದ, ನನ್ನ ಮುಖದ ಸುತ್ತ ಒಂದು ವೃತ್ತ ಬಂತು, ಕೆಂಪಾಯಿತು. ಕನ್ನಡಕ ತೆಗೆದೆ. ಮತ್ತೆ ಕೆಂಪು. ಕೊನೆಗೆ ಇಬ್ಬರೂ ಹೊರಗೆ ಬಂದು ಬಿಸಿಲಿಗೆ ಮುಖ ಕೊಟ್ಟು ನಿಂತ ಮೇಲೆ, "ಮೇಡಂ, ಸ್ವಲ್ಪ ಕಣ್ಣು ಮಿಟುಕಿಸಿ" ಅಂದ. ಮಿಟುಕಿಸಿದೆ, ಹಸಿರಾಯಿತು. ಇಷ್ಟಾದರೂ ಕೆಲಸ ನಿಂತಿತು. ನನ್ನ ಆಧಾರಿನಲ್ಲಿ ಇದ್ದದ್ದು ಎಂದೋ ಬಿಟ್ಟುಬಿಟ್ಟ ಹಳೆಯ ಮೊಬೈಲ್ ನಂಬರ್. ಮಾರನೇ ದಿನ ಅಂಚೆ ಕಚೇರಿಯ ಆಧಾರ್ ಕೌಂಟರಿಗೆ ಹೋಗಿ 50 ರೂಪಾಯಿ ಕೊಟ್ಟು ನಂಬರ್ ಬದಲಾಯಿಸಿದೆ. ಈಗ ಅದಕ್ಕೆ 75 ರೂಪಾಯಿ. ಹೊಸ ನಂಬರ್ ಸೇರಲು ಕೆಲವು ದಿನ ಬೇಕಾಯಿತು.

ಹಾಗಾಗಿ ಮೊದಲ ಕೆಲಸ ಇದು: ನಿಮ್ಮ ಆಧಾರಿಗೆ ಯಾವ ನಂಬರ್ ಸೇರಿದೆ ನೋಡಿ. ಗಾಡಿ ಯಾರ ಹೆಸರಿಗೋ ಅವರೇ ಶೋರೂಮಿಗೆ ಹೋಗಬೇಕು. ಅತ್ತೆಯ ಹೆಸರಿಗೆ ಮಾಡಿಸಿ ಸೊಸೆ ಹೋಗಿ ತರುವುದಕ್ಕೆ ಆಗುವುದಿಲ್ಲ. ಇ-ವೋಚರಿನ ಪ್ರತಿ ನಿಮ್ಮ ಮೊಬೈಲಿಗೂ ಬರುತ್ತದೆ, ಅದನ್ನು ಪ್ರಿಂಟ್ ಹಾಕಿ ಬಿಲ್ಲಿನ ಜೊತೆ ಇಡಿ.

ಬಿಲ್ಲಿನಲ್ಲಿ ಕೇಳಬೇಕಾದದ್ದು

ನನ್ನ ಮೊದಲ ಕೊಟೇಷನ್‌ನಲ್ಲಿ ಸಬ್ಸಿಡಿ ಸರಿಯಾಗಿ ಕಳೆದಿದ್ದರು. ಆದರೆ ಕೆಳಗೆ "ಹ್ಯಾಂಡ್ಲಿಂಗ್" ಅಂತ 2,500, "ಆಕ್ಸೆಸರಿ ಕಿಟ್" ಅಂತ 4,200 ಇತ್ತು. ಸೇರಿಸಿ ನೋಡಿ, ಒಟ್ಟು 6,700. ಸರ್ಕಾರ ಒಂದು ಕೈಯಲ್ಲಿ ಕೊಟ್ಟದ್ದರ ಮೂರರಲ್ಲಿ ಎರಡು ಪಾಲಿನಷ್ಟು ಇನ್ನೊಂದು ಕಡೆಯಿಂದ ಹೊರಟುಹೋಗುತ್ತಿತ್ತು. ಇದು ಏನು ಅಂತ ಕೇಳಿದೆ. "ಎಲ್ಲರಿಗೂ ಹಾಕ್ತೇವೆ ಮೇಡಂ" ಅಂದರು. ಇದರಲ್ಲಿ ಸರ್ಕಾರಕ್ಕೆ ಹೋಗುವುದು ಎಷ್ಟು, ಬರೆದು ಕೊಡಿ ಅಂದೆ. ಹ್ಯಾಂಡ್ಲಿಂಗ್ ತೆಗೆದರು. ಕಿಟ್‌ನಲ್ಲಿ ಹೆಲ್ಮೆಟ್ ಮಾತ್ರ ಇಟ್ಟುಕೊಂಡೆ, ಉಳಿದದ್ದು ಬೇಡ ಅಂದೆ. ಜಗಳ ಮಾಡಬೇಕಾಗಿಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು ಕೇಳಿದರೆ ಸಾಕು.

ಚಾರ್ಜರ್ ಬೆಲೆಯೊಳಗೆ ಸೇರಿದೆಯಾ ಅಂತಲೂ ಕೇಳಿ. ಹಿಂದೆ ಕೆಲವು ಕಂಪನಿಗಳು ಚಾರ್ಜರಿಗೆ ಬೇರೆ ದುಡ್ಡು ಹಾಕಿ ಗಾಡಿ ಬೆಲೆ ಕಡಿಮೆ ತೋರಿಸಿದ್ದವು, 2023ರಲ್ಲಿ ಅವು ಗ್ರಾಹಕರಿಗೆ ಹಣ ವಾಪಸ್ ಕೊಡಬೇಕಾಯಿತು.

ಇನ್ನೊಂದು ಮಾತು ನಿಮಗೆ ಖಂಡಿತ ಕೇಳಿಸುತ್ತದೆ: "ಸಾಲ ಮಾಡಿ ತಗೊಳ್ಳಿ, ಬಡ್ಡಿಗೆ ಒಂದೂವರೆ ಲಕ್ಷದವರೆಗೆ ಆದಾಯ ತೆರಿಗೆ ವಿನಾಯಿತಿ ಇದೆ." ಅದು 80ಇಇಬಿ ಸೆಕ್ಷನ್. 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾದ ಸಾಲಕ್ಕೆ ಮಾತ್ರ ಅದು ಅನ್ವಯ. ಆಗ ಸಾಲ ಮಾಡಿದವರು, ಹಳೆಯ ತೆರಿಗೆ ಪದ್ಧತಿಯಲ್ಲಿ ಇದ್ದರೆ, ಈಗಲೂ ತೋರಿಸಬಹುದು. ಈಗ ಹೊಸದಾಗಿ ಸಾಲ ಮಾಡುವವರಿಗೆ ಇಲ್ಲ. ಅದನ್ನು ನಂಬಿ ಸಾಲ ದೊಡ್ಡದು ಮಾಡಬೇಡಿ. ಲೆಕ್ಕ ಬರೆಯುವವಳಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಾರು, ಆಟೋ

ಸ್ವಂತಕ್ಕೆ ಎಲೆಕ್ಟ್ರಿಕ್ ಕಾರು ಕೊಳ್ಳುವವರಿಗೆ ಪಿಎಂ ಇ-ಡ್ರೈವ್‌ನಲ್ಲಿ ಏನೂ ಇಲ್ಲ. ಬೇಜಾರಾಗಬೇಡಿ, ತೆರಿಗೆಯಲ್ಲಿ ಉಳಿಯುವುದೇ ದೊಡ್ಡದು. 12 ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮಲ್ಲಿ ರಸ್ತೆ ತೆರಿಗೆ ಶೇ 17, ಅಂದರೆ 2,04,000 ರೂಪಾಯಿ. ಅದೇ ಬೆಲೆಯ ಎಲೆಕ್ಟ್ರಿಕ್‌ಗೆ 2025ರಲ್ಲಿ ಸೊನ್ನೆ ಇತ್ತು. 2024ರಿಂದ 25 ಲಕ್ಷ ದಾಟಿದ ಎಲೆಕ್ಟ್ರಿಕ್ ಕಾರಿಗೆ ಮಾತ್ರ ಶೇ 10 ಹಾಕುತ್ತಿದ್ದರು. ಈ ತೆರಿಗೆ ರಾಜ್ಯದ ಕೈಯಲ್ಲಿದೆ, ಬಜೆಟ್ ಬಂದಾಗ ಬದಲಾಗಬಹುದು. ಬುಕ್ ಮಾಡುವ ದಿನ ಮಡಿಕೇರಿ ಆರ್‌ಟಿಒದಲ್ಲಿ ಒಮ್ಮೆ ಕೇಳಿಕೊಳ್ಳಿ. ಹೈಬ್ರಿಡ್ ಕಾರಿಗೆ ಶೇ 5ರ ಜಿಎಸ್‌ಟಿ ಇಲ್ಲ ಅನ್ನುವುದು ನೆನಪಿರಲಿ.

ಬಾಡಿಗೆಗೆ ಓಡಿಸುವ ಎಲೆಕ್ಟ್ರಿಕ್ ಆಟೋಗೆ 2025ರಲ್ಲಿ ಸಬ್ಸಿಡಿ ಹೆಚ್ಚೆಂದರೆ 25,000 ಇತ್ತು. ಪರ್ಮಿಟ್ ಬೇಡ, 2018ರಿಂದಲೇ ಬ್ಯಾಟರಿ ಗಾಡಿಗೆ ಆ ವಿನಾಯಿತಿ ಇದೆ.

ತೋಟದ ಜೀಪಿಗೆ ಬದಲಿ ಏನು ಅಂತ ಕೇಳುವವರಿಗೆ ನನ್ನಲ್ಲಿ ಉತ್ತರ ಇಲ್ಲ. ಮಳೆಗಾಲದಲ್ಲಿ ಗೊಬ್ಬರದ ಮೂಟೆ ಹೇರಿ ತೋಟದ ಏರು ಹತ್ತುವ ಕೆಲಸಕ್ಕೆ ಇನ್ನೂ ಜೀಪೇ ಆಗಬೇಕು. ಆದರೆ ಮನೆಯಲ್ಲಿ ಜೀಪು ಒಂದು ಇದ್ದು, ಪೇಟೆಗೆ ಹೋಗುವ ಎರಡನೇ ಗಾಡಿ ಯಾವುದು ಅನ್ನುವ ಪ್ರಶ್ನೆ ಬಂದರೆ ಅಲ್ಲಿ ಯೋಚಿಸಿ.

ಗೃಹಜ್ಯೋತಿ ಮತ್ತು ಚಾರ್ಜಿಂಗ್

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಸೆಸ್ಕ್ (ನಮಗೆ ಕರೆಂಟ್ ಕೊಡುವ ಕಂಪನಿ) ಬಿಲ್ಲು ಬಂದ ಮೇಲೆ ನಾನೇ ಕಂಡುಕೊಂಡೆ.

ಗೃಹಜ್ಯೋತಿಯಲ್ಲಿ 200 ಯೂನಿಟ್ ಉಚಿತ ಅನ್ನುತ್ತೇವೆ. ನಿಜವಾಗಿ ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರಲ್ಲಿ ನೀವು ಬಳಸಿದ ಸರಾಸರಿ, ಅದರ ಮೇಲೆ ಶೇ 10. ಸರಾಸರಿ ತೀರಾ ಕಡಿಮೆ ಇದ್ದವರಿಗೆ ಆಮೇಲೆ ಶೇ 10ರ ಬದಲು 10 ಯೂನಿಟ್ ಮಾಡಿದರು. ನಮ್ಮ ಮನೆಯ ಸರಾಸರಿ 62, ಮಿತಿ 68. ಸ್ಕೂಟರಿಗೆ ತಿಂಗಳಿಗೆ ಸುಮಾರು 35 ಯೂನಿಟ್ ಹೋಗುತ್ತದೆ. ಈಗ ನಾವು 97 ಬಳಸುತ್ತೇವೆ. ಮಿತಿ ದಾಟಿದ 29 ಯೂನಿಟ್‌ಗೆ ಯೂನಿಟ್‌ಗೆ ಸುಮಾರು 6 ರೂಪಾಯಿಯ ಲೆಕ್ಕದಲ್ಲಿ 175 ರೂಪಾಯಿ ಆಸುಪಾಸು ಕಟ್ಟುತ್ತೇವೆ.

ನಮಗೆ ಅಷ್ಟೇ. ಆದರೆ ಗೀಸರ್, ಫ್ರಿಜ್ಜು, ಪಂಪು ಎಲ್ಲ ಇದ್ದು ಈಗಾಗಲೇ 175, 180 ಯೂನಿಟ್ ಬಳಸುವ ಮನೆಯಾದರೆ ಎಚ್ಚರ. ಸ್ಕೂಟರಿನ 35 ಸೇರಿದರೆ 200 ದಾಟುತ್ತದೆ. ದಾಟಿದ ತಿಂಗಳು ಉಚಿತ ಅನ್ನುವುದೇ ಇಲ್ಲ, ಇಡೀ ಬಿಲ್ಲು ಕಟ್ಟಬೇಕು. ಗಾಡಿ ಕೊಳ್ಳುವ ಮೊದಲು ನಿಮ್ಮ ಹಿಂದಿನ ಆರು ತಿಂಗಳ ಕರೆಂಟ್ ಬಿಲ್ ತೆಗೆದು ನೋಡಿ. ಅಂಚಿನಲ್ಲಿ ಇದ್ದರೆ ಗೀಸರಿನ ಬದಲು ಹಂಡೆಗೆ ಸೌದೆ ಹಾಕಿದರೂ ಆಯಿತು, ನಮ್ಮ ಕಡೆ ಕಾಫಿ ಗಿಡದ ಸೌದೆಗೆ ಬರ ಇಲ್ಲವಲ್ಲ.

ಹಾಗಂತ ಹೆದರಬೇಡಿ. ನನ್ನ ಹಳೆಯ ಸ್ಕೂಟರ್ ತಿಂಗಳ 850 ಕಿಲೋಮೀಟರಿಗೆ 20 ಲೀಟರ್ ಪೆಟ್ರೋಲ್ ಕುಡಿಯುತ್ತಿತ್ತು. ಲೀಟರಿಗೆ 103ರ ಲೆಕ್ಕದಲ್ಲಿ 2,060 ರೂಪಾಯಿ. ಅದರ ಮುಂದೆ 175 ಏನು ದೊಡ್ಡದು?

ಮನೆಯ ವೈರಿಂಗ್ ಬಗ್ಗೆ ಮಾತ್ರ ಉದಾಸೀನ ಬೇಡ. 15 ಆಂಪ್ ಪ್ಲಗ್ ಬೇಕು, ಅದಕ್ಕೆ ಬೇರೆ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆರುವ ಸ್ವಿಚ್) ಬೇಕು, ಅರ್ತಿಂಗ್ ಸರಿ ಇರಬೇಕು. ನಮ್ಮ ಎಲೆಕ್ಟ್ರಿಷಿಯನ್ ಬಂದು ಟೆಸ್ಟ್ ಬಲ್ಬಿನ ಒಂದು ತಂತಿ ಫೇಸಿಗೆ, ಇನ್ನೊಂದು ಅರ್ತಿಗೆ ಇಟ್ಟರು. ಬಲ್ಬು ಉರಿಯಬೇಕಿತ್ತು, ಕೆಂಪಗೆ ಮಿಣಮಿಣ ಅಂತಷ್ಟೇ ಆಯಿತು. ಅಪ್ಪನ ಕಾಲದ ಅರ್ತಿಂಗ್ ಪೈಪು ಮಣ್ಣಿನಲ್ಲಿ ತುಕ್ಕು ಹಿಡಿದು ಹೋಗಿತ್ತು. ಹಿತ್ತಲಲ್ಲಿ ಹೊಸ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿಸಿದೆವು. ಏಪ್ರಿಲ್, ಮೇ ತಿಂಗಳ ಸಿಡಿಲು ನಮ್ಮಲ್ಲಿ ಹೇಗಿರುತ್ತದೆ ಗೊತ್ತಲ್ವಾ. ಗುಡುಗು ಶುರುವಾದರೆ ಚಾರ್ಜರ್ ಪ್ಲಗ್ ಎಳೆದುಬಿಡಿ, ಸ್ವಿಚ್ ಆರಿಸಿದರೆ ಸಾಲದು. ಇಂಥ ಕೆಲಸಕ್ಕೆ ಯಾವ ಸಬ್ಸಿಡಿಯೂ ಇಲ್ಲ. ಆದರೂ ಮೊದಲು ಇದನ್ನೇ ಮಾಡಿಸಿ.

ಜುಲೈ ಮಳೆಯಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇರುವುದಿಲ್ಲ. ಮಳೆಗಾಲದಲ್ಲಿ ನಾನು ಚಾರ್ಜ್ ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ, ಸಂಘದಲ್ಲಿ ಅನುಮತಿ ಕೇಳಿ ಅಲ್ಲೂ ಒಂದು ಪ್ಲಗ್ ಮಾಡಿಕೊಂಡಿದ್ದೇನೆ. ಬ್ಯಾಟರಿಗೆ ಐಪಿ67 ಅಂತ ಬರೆದಿದೆಯಾ ನೋಡಿಕೊಳ್ಳಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇದ್ದರೂ ನೀರು ಒಳಗೆ ಹೋಗಬಾರದು ಅನ್ನುವುದು ಅದರ ಅರ್ಥ. ಹಾಗಂತ ತುಂಬಿದ ತೋಡು ದಾಟಲು ಹೋಗಬೇಡಿ.

ಬೋಯಿಕೇರಿ ಏರು ಹತ್ತುವಾಗ ಚಾರ್ಜ್ ಬೇಗ ಇಳಿಯುತ್ತದೆ, ಸಂಜೆ ಅದೇ ದಾರಿ ಇಳಿಯುವಾಗ ಒಂದಷ್ಟು ವಾಪಸ್ ಬರುತ್ತದೆ. ಕಂಪನಿ ಹೇಳುವ ಕಿಲೋಮೀಟರ್ ನಮ್ಮ ರಸ್ತೆಗೆ ಅಲ್ಲ. ನನಗೆ ಒಂದು ಚಾರ್ಜಿಗೆ ಸಿಗುವುದು 80. ಆನೆಕಾಡಿನ ದಾರಿಯಲ್ಲಿ ಹೋಗುವವರಿಗೆ ಒಂದು ಮಾತು: ಈ ಗಾಡಿಗೆ ಸದ್ದಿಲ್ಲ. ತಿರುವಿನಾಚೆ ಆನೆ ಇದ್ದರೆ ಅದಕ್ಕೂ ನಾವು ಬರುವುದು ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ನಿಧಾನ ಹೋಗಿ.

ಗಾಡಿ ಮನೆಗೆ ಬಂದ ಮೇಲೆ

ಹಸಿರು ಬಣ್ಣದ ಪ್ಲೇಟಿನ ಮೇಲೆ ಬಿಳಿ ಅಕ್ಷರದಲ್ಲಿ ಕೆಎ-12 ಬರುತ್ತದೆ. ಬಾಡಿಗೆ ಗಾಡಿಗಾದರೆ ಹಸಿರಿನ ಮೇಲೆ ಹಳದಿ ಅಕ್ಷರ. ಆರ್‌ಸಿ ಕೈಗೆ ಬಂದ ದಿನವೇ ಇಂಧನ ಅನ್ನುವ ಕಡೆ ಎಲೆಕ್ಟ್ರಿಕ್, ಬಿಒವಿ (ಬ್ಯಾಟರಿಯಲ್ಲಿ ಓಡುವ ಗಾಡಿ) ಅಂತ ಇದೆಯಾ ನೋಡಿ. ಹೆಸರು, ಚಾಸಿ ನಂಬರ್, ಮೋಟಾರ್ ನಂಬರ್ ಬಿಲ್ಲಿಗೂ ಇ-ವೋಚರಿಗೂ ತಾಳೆಯಾಗಬೇಕು. ತಪ್ಪಿದ್ದರೆ ಅದೇ ವಾರ ಡೀಲರಿಗೆ ಬರೆದು ಕೊಡಿ, ಬರೀ ಬಾಯಲ್ಲಿ ಹೇಳಿ ಬರಬೇಡಿ.

ನನ್ನ ಕಡತದಲ್ಲಿ ಈಗ ಇರುವುದು ಬಿಲ್ಲು, ಇ-ವೋಚರ್, ಆರ್‌ಸಿ, ಐದು ವರ್ಷದ ವಿಮೆ, ಬ್ಯಾಟರಿ ವಾರಂಟಿ ಕಾರ್ಡ್, ಮತ್ತೆ ಆ ಮೊದಲ ಕೊಟೇಷನ್. ನಮ್ಮ ಪಕ್ಕದ ಮನೆಯ ಅಣ್ಣ ಮುಂದಿನ ತಿಂಗಳು ಮಗಳಿಗೆ ಸ್ಕೂಟರ್ ನೋಡಲು ಹೋಗುತ್ತಿದ್ದಾರೆ. ಮೊನ್ನೆ ಆ ಕೊಟೇಷನ್ ಮತ್ತು ಕೊನೆಯ ಬಿಲ್ಲು ಎರಡನ್ನೂ ಜೆರಾಕ್ಸ್ ಮಾಡಿಸಿ, ತೆಗೆಸಿದ ಸಾಲುಗಳಿಗೆ ಕೆಂಪು ಗೆರೆ ಹಾಕಿ ಅವರ ಕೈಗೆ ಕೊಟ್ಟಿದ್ದೇನೆ.